ನಿದ್ದೆಯಲ್ಲಿ ಮಾತಾಡುವ ಅಪ್ರೆಂಟಿಸ್

ಮನೆಯಲ್ಲಿ ಅವಳನ್ನು ರೇಡಿಯೊ ಎಂದೇ ಕರೆಯುತ್ತಿದ್ದರು. ಹಗಲೆಲ್ಲ ಮಾತಾಡಿದ್ದು ಸಾಲದೆ ನಿದ್ದೆಯಲ್ಲೂ ಬಡಬಡಿಸುವ ಹುಡುಗಿಗೆ ಇನ್ನೇನು ಹೆಸರಿಡುತ್ತಾರೆ? ಕೇಳುವ ಪಾಡು ಒಂದೇ ಕೋಣೆಯಲ್ಲಿ ಮಲಗುವ ಅಕ್ಕನದು. ಯಾವ ಗೆಳತಿ ಮುನಿಸಿಕೊಂಡಿದ್ದಾಳೆ, ಯಾವ ಪರೀಕ್ಷೆ ಕೈಕೊಟ್ಟಿದೆ ಎಂಬುದೆಲ್ಲ ಬೆಳಗಾಗುವ ಮೊದಲೇ ಅಕ್ಕನಿಗೆ ಗೊತ್ತಾಗಿರುತ್ತಿತ್ತು.

ಅಂಥವಳಿಗೆ ಸಿಕ್ಕಿದ್ದು ಬಾಯಿ ಮುಚ್ಚಿಕೊಂಡಿರಬೇಕಾದ ಅಪ್ರೆಂಟಿಸ್ ಕೆಲಸ. ವಾರದಲ್ಲಿ ನಾಲ್ಕು ದಿನ ಕಂಪನಿ, ಒಂದು ದಿನ ಕಾಲೇಜು. ಫೀಸು ಕಂಪನಿಯದೇ, ಮೇಲೊಂದಿಷ್ಟು ಸಂಬಳ, ಕೊನೆಗೆ ಕೈಗೊಂದು ಡಿಗ್ರಿ. ಬೇರೆ ಕಂಪನಿಗಳಿಗೆ ಹೇಗೆ ಬಾಳಬೇಕೆಂದು ಬುದ್ಧಿ ಹೇಳಿ, ಹೇಳಿದ್ದಕ್ಕೆ ಬಿಲ್ ಕಳಿಸುವುದು ಇವರ ಕಸುಬು. "ನಿಮ್ಮಜ್ಜಿ ಇದನ್ನೇ ಜೀವಮಾನವಿಡೀ ಪುಕ್ಕಟೆ ಮಾಡಿದ್ಲು," ಎಂದು ಅಪ್ಪ ನಕ್ಕಿದ್ದರು. ನಕ್ಕರೂ, ಮನೆಯಲ್ಲಿ ಮೊದಲ ಡಿಗ್ರಿ ಅವಳದೇ ಆಗುತ್ತದೆಂದು ಸಿಕ್ಕಸಿಕ್ಕವರ ಮುಂದೆ ಹೇಳಿಕೊಂಡು ಬಂದಿದ್ದರು.

ಮೊದಲ ದಿನ ಮ್ಯಾನೇಜರ್ ಮೇಡಂ ಹೊಸಬರನ್ನೆಲ್ಲ ಕೂರಿಸಿಕೊಂಡು ಹೇಳಿದರು: "ಇಲ್ಲಿ ಕೇಳಿದ್ದು ಇಲ್ಲೇ ಇರ್ಬೇಕು. ಮನೇಲಿ ಬೇಡ, ಬಸ್ಸಲ್ಲಿ ಬೇಡ, ನಮ್ಮದೇ ಲಿಫ್ಟಲ್ಲೂ ಬೇಡ. ನೀವು ನೋಡ್ಕೊಳ್ಳೋ ಗಿರಾಕಿ ಕಂಪನೀಲಿ ನಿಮ್ಮವರು ಯಾರಾದ್ರೂ ಇದ್ರೆ ತಕ್ಷಣ ನನಗೆ ಹೇಳಿ, ಬೇರೆ ಕೆಲಸಕ್ಕೆ ಹಾಕ್ತೀನಿ."

"ನಿದ್ದೆಯಲ್ಲಿ ಮಾತಾಡಿದ್ರೆ ಮೇಡಂ?"

ಎಲ್ಲರೂ ನಕ್ಕರು. ಅವಳು ತಮಾಷೆಗೆ ಕೇಳಿರಲಿಲ್ಲ.

ಆಫೀಸೇ ಒಂದು ನಿದ್ದೆಯ ಹಾಗಿತ್ತು. ಹೆಜ್ಜೆಯ ಸದ್ದನ್ನೆಲ್ಲ ಕಾರ್ಪೆಟ್ಟು ನುಂಗಿಬಿಡುತ್ತಿತ್ತು. ಗಾಜಿನ ಕೋಣೆಗಳೊಳಗೆ ಜನ ಬಾಯಿ ಆಡಿಸುತ್ತಿದ್ದರು, ಹೊರಗೆ ಏನೂ ಕೇಳುತ್ತಿರಲಿಲ್ಲ. ಯಾರೂ ಅಲುಗಾಡದೆ ಕೂತರೆ ದೀಪಗಳು ತಾವಾಗಿಯೇ ಆರುತ್ತಿದ್ದವು. ಆಗ ಯಾರಾದರೊಬ್ಬರು ಕೈ ಬೀಸಿದರೆ ಮತ್ತೆ ಬೆಳಕು. ಗಿರಾಕಿಗಳ ನಿಜವಾದ ಹೆಸರನ್ನೂ ಅಲ್ಲಿ ಬಳಸುತ್ತಿರಲಿಲ್ಲ, ಹಕ್ಕಿಗಳ ಹೆಸರು ಇಟ್ಟಿದ್ದರು. ಅವಳ ಪಾಲಿಗೆ ಬಂದದ್ದು ಪಾರಿವಾಳ. ಪಾರಿವಾಳದ ಖರ್ಚು ಹೆಚ್ಚಂತೆ, ಪಾರಿವಾಳಕ್ಕೆ ಜಾಗ ಸಾಲದಂತೆ. ಅದು ಯಾವ ಕಂಪನಿಯೆಂದು ತಿಳಿಯದೆಯೇ ಅವಳು ವಾರಗಟ್ಟಲೆ ಅದರ ಅಂಕಿಗಳನ್ನು ಜೋಡಿಸಿದಳು. ಕನಸಿನಲ್ಲಿ ಬೂದುಬಣ್ಣದ ಹಕ್ಕಿಯೊಂದು ಬಂದು ಕಿಟಕಿಯ ಮೇಲೆ ಕೂರುತ್ತಿತ್ತು.

ಒಂದು ದಿನ ವರದಿಯ ನಡುವೆ ಒಂದು ಫೋಟೋ ಸೇರಿಸಬೇಕಾಯಿತು. ದೊಡ್ಡ ಹಾಲ್, ಗಾಳಿಯಲ್ಲೆಲ್ಲ ಹತ್ತಿಯ ಎಳೆ, ಮೆಷಿನ್ನುಗಳ ಮುಂದೆ ಕ್ಯಾಮೆರಾಗೆ ಬೆನ್ನು ಹಾಕಿ ನಿಂತ ಹೆಂಗಸರು. ಒಬ್ಬಳು ತಲೆವಸ್ತ್ರದ ಗಂಟನ್ನು ಎಡಗಿವಿಯ ಮೇಲೆ ಕಟ್ಟಿದ್ದಳು. ಹಾಗೆ ಕಟ್ಟುವವಳು ಲೋಕದಲ್ಲಿ ಒಬ್ಬಳೇ. ಪಾರಿವಾಳವೆಂದರೆ ಅಕ್ಕ ಕೆಲಸ ಮಾಡುವ ದಿಂಬಿನ ಕಾರ್ಖಾನೆ. ಫೋಟೋದ ಕೆಳಗಿನ ಸಾಲು ಹೇಳುತ್ತಿತ್ತು: ಹತ್ತಿ ತುಂಬುವ ವಿಭಾಗ ಮುಚ್ಚುವುದು, ದಿಂಬುಗಳನ್ನು ಹೊರಗಿನಿಂದ ತರಿಸುವುದು.

ಆಗಲೇ ಎದ್ದು ಹೋಗಿ ಮೇಡಂಗೆ ಹೇಳಬೇಕಿತ್ತು. ಹೇಳಲಿಲ್ಲ. ಇನ್ನೊಂದು ಪುಟ ನೋಡಿ ಹೇಳೋಣ, ಮುಂದಿನ ಪುಟದಲ್ಲಿ ಆ ಹಾಲ್ ಉಳಿದರೂ ಉಳಿಯಬಹುದು ಎಂದುಕೊಂಡಳು. ಕೂತಲ್ಲೇ ಕೂತಿದ್ದರಿಂದ ದೀಪ ಆರಿತು. ಕೈ ಬೀಸಲು ಅವಳಿಗೆ ಮನಸ್ಸಾಗಲಿಲ್ಲ.

ಅಂದಿನಿಂದ ಸೆಕೆಯ ನೆಪ ಹೇಳಿ ಅಕ್ಕನ ಕೋಣೆ ಬಿಟ್ಟು ಹಜಾರದಲ್ಲಿ ಮಲಗತೊಡಗಿದಳು. ಮಲಗುವುದು ಹೆಸರಿಗೆ ಮಾತ್ರ. ನಿದ್ದೆ ಹತ್ತಿತು ಎನ್ನುವಾಗ ತನ್ನನ್ನೇ ಚಿವುಟಿಕೊಳ್ಳುತ್ತಿದ್ದಳು. ಮನೆಯಲ್ಲೋ, ಹೊಲಿಗೆ ತಪ್ಪಿದವೆಂದು ಕಾರ್ಖಾನೆಯಿಂದ ಅಕ್ಕ ಅಗ್ಗಕ್ಕೆ ತಂದ ದಿಂಬುಗಳದೇ ರಾಶಿ. ಎಲ್ಲಿ ಒರಗಿದರೂ ಮೆತ್ತಗೆ ಕರೆಯುತ್ತಿದ್ದವು.

ಅದೇ ವಾರ ಅಕ್ಕನಿಗೆ ಆಸ್ಪತ್ರೆಯಿಂದ ಕೆಲಸಕ್ಕೆ ಕರೆ ಬಂತು. ಅಲ್ಲಿನ ಬಟ್ಟೆಗಳ ಕೋಣೆ ನೋಡಿಕೊಳ್ಳಲು ಒಬ್ಬರು ಬೇಕಾಗಿದ್ದರು. ಸೋಮವಾರದೊಳಗೆ ಹೂಂ ಅಥವಾ ಊಹೂಂ ಹೇಳಬೇಕು, ಆಮೇಲೆ ಬೇರೆಯವರನ್ನು ಕರೆಯುತ್ತಾರೆ.

ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಅಕ್ಕ ಅವಳನ್ನು ಕೋಣೆಗೆ ಎಳೆದುಕೊಂಡು ಹೋದಳು. "ಬಾರೇ, ಎಷ್ಟು ದಿನ ಆಯ್ತು ಇಲ್ಲಿ ಮಲಗಿ. ನಿನ್ನ ಗೊಣಗಾಟ ಇಲ್ದೆ ನನಗೆ ನಿದ್ದೆನೇ ಬರಲ್ಲ." ಪರದೆಯ ಹಳದಿ ಬೆಳಕು ಗೋಡೆಯ ಮೇಲೆ ನೀರಿನಂತೆ ಅಲುಗುತ್ತಿತ್ತು. ಅಕ್ಕನ ಕೂದಲಲ್ಲಿ ಹತ್ತಿಯ ಎಳೆಯೊಂದು ಸಿಕ್ಕಿಕೊಂಡಿತ್ತು.

"ಆಸ್ಪತ್ರೆಯವರಿಗೆ ಏನ್ ಹೇಳ್ತೀಯ?"

"ಆಗಲ್ಲ ಅಂತೀನಿ. ಇಲ್ಲಿ ನನ್ನ ಮೆಷಿನ್ ಇದೆ, ನನ್ನ ಜನ ಇದ್ದಾರೆ. ಕೈ ಬಿಟ್ಟು ಹೋದ್ರೆ ಅವರಿಗೆ ಏನನ್ಸುತ್ತೆ?"

ಬಾಯಿ ಬಿಟ್ಟರೆ ಡಿಗ್ರಿ ಹೋಗುತ್ತದೆ, ಬಿಡದಿದ್ದರೆ ಅಕ್ಕನ ಅನ್ನ. ರೇಡಿಯೊ ಗೋಡೆಯ ಕಡೆ ಹೊರಳಿ ಕಣ್ಣು ಮುಚ್ಚಿದಳು. ಉಸಿರನ್ನು ಉದ್ದಕ್ಕೆ ಎಳೆದಳು, ಬಿಟ್ಟಳು. ಬೀದಿಯಲ್ಲಿ ಯಾರೋ ಸೈಕಲ್ ತಳ್ಳಿಕೊಂಡು ಹೋದರು. ಆಮೇಲೆ, ಕಣ್ಣು ತೆರೆಯದೆಯೇ, ಅವಳು ತೊದಲಿದಳು:

"ಆಸ್ಪತ್ರೆಗೆ ಹೂಂ ಅನ್ನು ಅಕ್ಕ... ಹತ್ತಿ ತುಂಬೋ ಹಾಲ್ ಮುಚ್ತಾರೆ."

ಫ್ಯಾನ್ ಒಂದೇ ಸಮನೆ ತಿರುಗುತ್ತಿತ್ತು. ಅಕ್ಕ ಹೊದಿಕೆಯನ್ನು ಅವಳ ಭುಜದವರೆಗೆ ಎಳೆದಳು.

"ನಿದ್ದೇಲಿ ನಿನ್ನ ಮಾತು ಇಷ್ಟು ನೆಟ್ಟಗಿರಲ್ಲ ಕಣೇ," ಎಂದಳು ಮೆಲ್ಲಗೆ. "ಇರ್ಲಿ. ನಾನೂ ನಿದ್ದೆ ಮಾಡ್ತಿದ್ದೆ. ನನಗೇನೂ ಕೇಳಿಸ್ಲಿಲ್ಲ."

ರೇಡಿಯೊ ದಿಂಬಿನಲ್ಲಿ ಮುಖ ಹುದುಗಿಸಿ ಅತ್ತಳು.

ಸೋಮವಾರ ಬೆಳಿಗ್ಗೆ ಅಕ್ಕ ಆಸ್ಪತ್ರೆಗೆ ಫೋನ್ ಮಾಡಿ ಹೂಂ ಎಂದಳು. ಕಾರ್ಖಾನೆಯ ಗೆಳತಿಯರಿಗೆ ಏನು ಹೇಳುವುದೆಂದು ತಿಳಿಯದೆ ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲೇ ನಿಂತಿದ್ದಳು. ತನ್ನ ಗುಟ್ಟನ್ನು ಈಗ ಅಕ್ಕನೂ ಹೊರಬೇಕಾಯಿತೆಂದು ಕಂಡ ಮೇಲೆ ತಂಗಿಗೆ ಸುಮ್ಮನಿರಲಾಗಲಿಲ್ಲ. ಆಫೀಸು ತಲುಪಿದವಳೇ ನೆಟ್ಟಗೆ ಮೇಡಂ ಕೋಣೆಗೆ ಹೋಗಿ ಎಲ್ಲ ಒದರಿಬಿಟ್ಟಳು: ಫೋಟೋದಲ್ಲಿರುವವಳು ನನ್ನ ಅಕ್ಕ, ಅಂದೇ ಹೇಳಬೇಕಿತ್ತು, ನಿನ್ನೆ ಅವಳ ಕಿವಿಗೆ ಹಾಕಿದ್ದೂ ನಾನೇ.

ಮೇಡಂ ಬಾಗಿಲು ಮುಚ್ಚಿ ಬಂದು ಕೂತರು. ಸಿಟ್ಟು ಮಾಡಲಿಲ್ಲ.

"ನಿದ್ದೇಲಿ ಮಾತಾಡ್ತೀನಿ ಅಂತ ಮೊದಲ ದಿನವೇ ಎಲ್ಲರ ಮುಂದೆ ನೀನೇ ಹೇಳಿದ್ದೆ, ಅಲ್ವಾ? ಗೊತ್ತಿಲ್ದೆ ಬಾಯಿಂದ ಬಂದ ಮಾತು ಬೇರೆ, ಗೊತ್ತಿದ್ದು ಆಡಿದ್ದು ಬೇರೆ. ನಿನ್ನೆ ಆಡಿದ್ದು ನಿದ್ದೇಲೇ ಆಗಿರ್ಬಹುದು. ಯೋಚನೆ ಮಾಡಿ ಹೇಳು."

ದಾರಿ ಅಷ್ಟು ಹತ್ತಿರದಲ್ಲಿತ್ತು. ಅಕ್ಕ ಆಗಲೇ ಅವಳಿಗಾಗಿ ಒಂದು ಸುಳ್ಳು ಹೇಳಿ ಮುಗಿಸಿದ್ದಳು. ಇನ್ನೊಂದು ಹೇಳಿದರೆ ಕಾಲೇಜು ಉಳಿಯುತ್ತಿತ್ತು, ಅಪ್ಪನ ಮುಖವೂ ಉಳಿಯುತ್ತಿತ್ತು.

"ಇಲ್ಲ ಮೇಡಂ. ಎಚ್ಚರವಾಗೇ ಇದ್ದೆ."

ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಈ ಅವಧಿಯ ಫೀಸು ಕಟ್ಟಿ ಆಗಿದೆ. ಮುಂದಿನದು ನನ್ನ ಕೈಯಲ್ಲಿಲ್ಲ. ಮೇಲಿನವರ ಹತ್ರ ಮಾತಾಡಿ ಬರ್ತೀನಿ, ಹೊರಗೆ ಕೂತಿರು."

ಅವಳು ಹೊರಗಿನ ಕುರ್ಚಿಯಲ್ಲಿ ಕೂತಳು. ಭಯವಿತ್ತು, ಅಪ್ಪನನ್ನು ನೆನೆದು ಸಂಕಟವೂ ಆಯಿತು. ಆದರೂ ಎಷ್ಟೋ ದಿನಗಳಿಂದ ತಡೆದಿಟ್ಟ ನಿದ್ದೆ ಒತ್ತರಿಸಿಕೊಂಡು ಬರುತ್ತಿತ್ತು. ಅವಳು ಗೋಡೆಗೆ ತಲೆ ಆನಿಸಿ ಕಣ್ಣು ಮುಚ್ಚಿದಳು. ಬಾಯಿ ಏನು ಬೇಕಾದರೂ ಬಡಬಡಿಸಿಕೊಳ್ಳಲಿ, ಮುಚ್ಚಿಡುವಂಥದ್ದು ಅದರಲ್ಲಿ ಇನ್ನೇನೂ ಉಳಿದಿರಲಿಲ್ಲ.