ಕಪ್ಪಾದ ಚಹಾ

ಚಹಾಪುಡಿ ಹಾಕಿದೆ. ನೀರು ಕೆಂಪಾಗಲಿಲ್ಲ, ಕಪ್ಪಾಯಿತು.

ಪುಡಿ ಹೆಚ್ಚಾಯಿತೇನೋ ಎಂದು ಒಲೆ ಸಣ್ಣ ಮಾಡಿ, ಚಮಚದಲ್ಲಿ ಎತ್ತಿ ಸುರಿದು ನೋಡಿದೆ. ಶಾಯಿಯಂತೆ ಇಳಿಯಿತು. ಆ ಕಪ್ಪು ನನಗೆ ಗೊತ್ತಿತ್ತು. ನಮ್ಮ ಹಿತ್ತಲಲ್ಲಿ ದಿನವೂ ನೋಡುವ ಕಪ್ಪು ಅದು.

ಬನಹಟ್ಟಿಯಲ್ಲಿ ನಮ್ಮದು ಕೈಮಗ್ಗದ ಮನೆ. ಪೇಟೆಯ ಸಾಹುಕಾರರು ಈಗ ಗಿಡದ ಬಣ್ಣದ ಸೀರೆ ಕೇಳುತ್ತಾರೆ. ಅದಕ್ಕೆಂದು ಅವ್ವ ಅಳಲೆಕಾಯಿ ಕುದಿಸಿದ ಹಳದಿ ನೀರಲ್ಲಿ ನೂಲು ನೆನೆಸಿ, ಆಮೇಲೆ ಅನ್ನಭೇದಿಯ ನೀರಲ್ಲಿ ಅದ್ದುತ್ತಾಳೆ. ಅನ್ನಭೇದಿ ಎಂದರೆ ಹಸಿರು ಕಲ್ಲುಸಕ್ಕರೆಯಂಥ ಹರಳು, ಕಬ್ಬಿಣದ ಉಪ್ಪು. ಆ ನೀರೂ ಕಪ್ಪಲ್ಲ, ಈ ನೀರೂ ಕಪ್ಪಲ್ಲ. ಎರಡೂ ಕೂಡಿದ ಗಳಿಗೆಗೆ ನೂಲು ಕಾಗೆಯಂತಾಗುತ್ತದೆ. ಶಾಲೆ ಬಿಟ್ಟಾಗಿನಿಂದ ಆ ನೂಲನ್ನು ತಿರುವಿ ಹಾಕುವವಳು ನಾನೇ. ಒಮ್ಮೆ ಅಪ್ಪ ಕುಡಿದುಳಿದ ಚಹಾವನ್ನು ಅನ್ನಭೇದಿಯ ಬೋಗುಣಿಯಲ್ಲಿ ಚೆಲ್ಲಿಬಿಟ್ಟಿದ್ದ. ಆಗಲೂ ಹೀಗೇ ಕಪ್ಪು ಹರಡಿತ್ತು.

ಈ ನೀರು ಎಲ್ಲಿಯದು? ನಳ ಬಂದಿರಲಿಲ್ಲ. ಅಡುಗೆಮನೆಯ ಕೊಡ ಬರಿದಾಗಿತ್ತು. ಅಕ್ಕನ ಗಡಿಗೆಯಿಂದ ಒಂದು ತಂಬಿಗೆ ತೆಗೆದುಕೊಂಡಿದ್ದೆ.

ಅಕ್ಕ ಶ್ರೀದೇವಿ ಹೆರಿಗೆಗೆ ತವರಿಗೆ ಬಂದಿದ್ದಳು. ಅವಳಿಗೆಂದೇ ಅವ್ವ ಕಾಸಿ ಆರಿಸಿದ ನೀರನ್ನು ಬೇರೆ ಗಡಿಗೆಯಲ್ಲಿ ಇಡುತ್ತಿದ್ದಳು. ಹೋಗಿ ಮುಚ್ಚಳ ತೆಗೆದೆ. ನೀರಿಗೆ ತುಸು ಹಳದಿ ಛಾಯೆ. ಕೈ ಹಾಕಿ ತಳ ಸವರಿದರೆ ಬೆರಳಿಗೆ ಕೆಂಪು ಗಸಿ ಹತ್ತಿತು.

ನಡುಮನೆಯಲ್ಲಿ ಅಕ್ಕ ಗೋಡೆಗೆ ಒರಗಿ ಕೂತಿದ್ದಳು. ನಿನ್ನೆ ಸಂಜೆಯಿಂದ ಅವಳಿಗೆ ವಾಂತಿ. ಕೈಯಲ್ಲಿ ನೀರಿನ ಲೋಟ.

"ಚಹಾ ಆತೇನ ಶೇವಂತಿ? ಬಾಯಿ ಹೆಂಗ ಆಗೇತಿ ಅಂದ್ರ, ಮೊಳಿ ಕಡದಂಗ."

ಲೋಟ ಕಸಿದುಕೊಂಡೆ. ನೀರು ಅವಳ ಸೀರೆ ಮೇಲೆ ಚೆಲ್ಲಿತು.

"ಏ ಹುಚ್ಚಿ! ಏನ ಬಂತಬೇ ನಿನಗ?"

ಚಹಾದ ಪಾತ್ರೆ ಹಿಡಿದು ಹಿತ್ತಲಿಗೆ ಹೋದೆ. ಅವ್ವ ನೂಲು ಹಿಂಡುತ್ತಿದ್ದಳು. ಪಾತ್ರೆ ಮುಂದೆ ಹಿಡಿದೆ. ಬಣ್ಣ ಹಾಕುವವಳಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಅವಳು ನೋಡಿದಳು, ನೂಲು ಕೆಳಗಿಟ್ಟಳು.

"ಅವ್ವಾ, ಅಕ್ಕನ ಗಡಿಗ್ಯಾಗ..."

"ಮೆಲ್ಲಕ ಮಾತಾಡ." ಅವ್ವ ಒಳಗೆ ಇಣುಕಿ ನೋಡಿದಳು. "ನರ್ಸಬಾಯಿ ಏನ ಹೇಳಿದ್ಲು? ಮೈಯಾಗ ರಕ್ತ ಇಲ್ಲ, ಕಬ್ಬಿಣ ಬೇಕು ಅಂದ್ಲಿಲ್ಲ? ಗುಳಿಗಿ ನುಂಗು ಅಂದ್ರ ನಿಮ್ಮಕ್ಕ ಕಿಡಕ್ಯಾಗ ಒಗೀತಾಳ. ಅದೂ ಕಬ್ಬಿಣಾನ, ಇದೂ ಕಬ್ಬಿಣಾನ. ನಿಮ್ಮಜ್ಜಿ ಇದನ್ನ ಔಷಧಕ್ಕ ಕೊಡತಿದ್ಲು."

"ಎಷ್ಟ ಹಾಕಿದಿ?"

"ಚೂರ."

ಅವ್ವನ ಚೂರು ನನಗೆ ಗೊತ್ತು. ಬಣ್ಣಕ್ಕೆ ಅವಳು ಎಂದೂ ತಕ್ಕಡಿ ಹಿಡಿದವಳಲ್ಲ, ಕೈಯೇ ಅಳತೆ.

ಒಳಗೆ ಅಕ್ಕ ಮತ್ತೆ ಕಾರಿಕೊಂಡಳು. ಓಡಿ ಹೋಗಿ ನೋಡಿದೆ. ಹಸಿರು ಮಿಶ್ರಿತ ಕಪ್ಪು.

"ಬಸರಿ ಹೆಣ್ಮಗಳು ಕಾರದ ಏನ ಮಾಡತಾಳ," ಎಂದಳು ಅವ್ವ. ಆದರೆ ನನ್ನ ಹಿಂದೆಯೇ ಓಡಿಬಂದು ಅಕ್ಕನ ಬೆನ್ನು ಸವರತೊಡಗಿದಳು.

ಅಪ್ಪ ಮುಧೋಳಕ್ಕೆ ಹೋಗಿದ್ದ. ಚಹಾವನ್ನು ಡಬ್ಬಿಗೆ ಸುರಿದುಕೊಂಡು ನಾನು ಪಕ್ಕದ ಮನೆಗೆ ಓಡಿದೆ. ಈರಪ್ಪ ಕಾಕಾ ತನ್ನ ಟಂಟಂ ಗಾಡಿ ತೊಳೆಯುತ್ತಿದ್ದ.

"ಕಾಕಾ, ಗಾಡಿ ತಗೀರಿ. ದವಾಖಾನಿಗೆ."

"ಅರೇ, ನಿನಗ ಮಾತ ಬರತಾವೇನಬೇ! ಇಷ್ಟ ದಿನ ಮೂಕಿ ಅಂತ ತಿಳದಿದ್ನಲ್ಲಾ..." ಎಂದು ನಗುತ್ತ ತಿರುಗಿದವನು ನನ್ನ ಮುಖ ಕಂಡು ಕೈಯಲ್ಲಿದ್ದ ಒರೆಸುವ ಅರಿವೆ ಕೆಳಗೆ ಎಸೆದ.

ಜಮಖಂಡಿ ರಸ್ತೆಯ ತುಂಬ ಕಬ್ಬಿನ ಟ್ರ್ಯಾಕ್ಟರುಗಳು. ಈರಪ್ಪ ಕಾಕಾ ಹಾರ್ನ್ ಹೊಡೆದೇ ಹೊಡೆದ. ಅಕ್ಕ ನನ್ನ ಕೈ ಹಿಡಿದು ಹೊಟ್ಟೆ ಮೇಲೆ ಇಟ್ಟುಕೊಂಡಳು.

"ಒದೀವಲ್ದು ಶೇವಂತಿ. ನಸುಕಿನಾಗಿಂದ ಒದ್ದಿಲ್ಲ."

ಕೈ ಒತ್ತಿ ಹಿಡಿದೆ. ರಸ್ತೆಯ ತಗ್ಗುಗಳ ಕುಲುಕಾಟ ಬಿಟ್ಟರೆ ಏನೂ ತಿಳಿಯಲಿಲ್ಲ. ಅವ್ವ ನನ್ನ ಕಿವಿಗೆ ಬಾಗಿದಳು.

"ಊಟ ಅರಗಿಲ್ಲ ಅನ್ನೂಣು. ಬ್ಯಾರೆ ಏನಾರ ಗೊತ್ತಾದ್ರ, ತವರಮನ್ಯಾಗ ಇಸ ಹಾಕಿದ್ರು ಅಂತಾರ ಆಕಿ ಅತ್ತಿ ಮಂದಿ. ತಿಳೀತಿಲ್ಲ?"

ದವಾಖಾನೆಯಲ್ಲಿ ಡಾಕ್ಟರಮ್ಮ ಅಕ್ಕನ ಕಣ್ಣುರೆಪ್ಪೆ ಎಳೆದು ನೋಡಿ, ಏನು ತಿಂದಿದ್ದಾಳೆ ಎಂದು ಕೇಳಿದರು.

"ಏನಿಲ್ರೀ ಬಾಯಾರ, ನಿನ್ನಿ ಕಡಬ ತಿಂದಿದ್ಲು. ಅರಗಿಲ್ಲ."

ಡಾಕ್ಟರಮ್ಮ ನರ್ಸಿಗೆ ವಾಂತಿಯ ಇಂಜಕ್ಷನ್ ಹೇಳಿದರು. ನಾನು ಗೋಡೆಗೆ ಅಂಟಿಕೊಂಡು ನಿಂತಿದ್ದೆ. ಡಬ್ಬಿ ಸೆರಗಿನೊಳಗೆ ಇತ್ತು. ಅವ್ವ ನನ್ನನ್ನೇ ನೋಡುತ್ತಿದ್ದಳು. ನರ್ಸು ಸೂಜಿ ತರಲು ತಿರುಗಿದಾಗ ಡಬ್ಬಿಯನ್ನು ಮೇಜಿನ ಮೇಲಿಟ್ಟು ಮುಚ್ಚಳ ತೆಗೆದೆ.

"ಇದು ಚಹಾರಿ. ನೀರಾಗ ಅನ್ನಭೇದಿ ಇತ್ರೀ, ಅದಕ್ಕ ಹಿಂಗ ಆಗೇತಿ. ಅಕ್ಕ ನಿನ್ನಿಯಿಂದ ಅದ ನೀರು ಕುಡದಾಳ್ರಿ."

"ಅನ್ನಭೇದಿ? ಯಾರು ಹಾಕಿದ್ದು?"

"ನಮ್ಮವ್ವರಿ. ರಕ್ತ ಆಗಲಿ ಅಂತ."

ಅವ್ವನ ಕಡೆ ನೋಡುವ ಧೈರ್ಯ ನನಗಾಗಲಿಲ್ಲ. ಡಾಕ್ಟರಮ್ಮ ಬೈಯಲಿಲ್ಲ. ಎದ್ದು ನಿಂತೇಬಿಟ್ಟರು.

"ಎಷ್ಟು ಹಾಕಿದ್ರಿ ಅಮ್ಮ? ಸರಿಯಾಗಿ ಹೇಳ್ರಿ."

ಅವ್ವ ಹೆಬ್ಬೆರಳಿಗೆ ತೋರುಬೆರಳು ಕೂಡಿಸಿ ಚಿಟಿಕೆ ತೋರಿಸಿದಳು.

"ಅವ್ವಾ," ಎಂದೆ, "ಖರೆ ಹೇಳ."

ಅವಳ ಬೆರಳು ಬಿಚ್ಚಿಕೊಂಡವು. ಗೆರೆಗೆರೆಯಲ್ಲೂ ಕಪ್ಪು ಕೂತ ಅಂಗೈ. ಅದು ನಿಧಾನಕ್ಕೆ ಮುಚ್ಚಿ ಮುಷ್ಟಿಯಾಯಿತು. ಆ ಮುಷ್ಟಿಯನ್ನೇ ಬಾಯಿಗೆ ಒತ್ತಿಕೊಂಡು ಅವ್ವ ಕೆಳಗೆ ಕುಸಿದಳು.

ಅಕ್ಕನನ್ನು ಒಳಗೆ ಒಯ್ದರು. ರಕ್ತ ಪರೀಕ್ಷೆ ಆಗಬೇಕು, ಈಗಲೇ ಏನೂ ಹೇಳಲಾಗದು ಎಂದರು. ಅವ್ವ ನನಗೆ ಬೆನ್ನು ಹಾಕಿ ಕೂತಳು. ಮಧ್ಯಾಹ್ನ ಈರಪ್ಪ ಕಾಕಾನ ಗಾಡಿಯಲ್ಲಿ ಬಟ್ಟೆ ತರಲು ನಾನೊಬ್ಬಳೇ ಮನೆಗೆ ಬಂದೆ.

ಮೊದಲು ಗಡಿಗೆ ಎತ್ತಿಕೊಂಡೆ. ಹಿತ್ತಲ ಮೋರಿಯಲ್ಲಿ ನೂಲು ಒಗೆದ ಸೋಡಾ ನೀರು ನಿಂತಿತ್ತು. ಅದರೊಳಗೆ ಬಗ್ಗಿಸಿದೆ. ತಿಳಿಯಾಗಿ ಇಳಿದ ನೀರು ಬಿದ್ದಲ್ಲೇ ಒಡೆದ ಹಾಲಿನಂತೆ ಹೆಪ್ಪುಹೆಪ್ಪಾಯಿತು, ಕೊಳಕು ಹಸಿರು. ನೋಡುತ್ತಿದ್ದಂತೆ ಅಂಚಿನಿಂದ ಕೆಂಪಾಗತೊಡಗಿತು. ಒಂದು ಮೋರಿಯಲ್ಲೇ ಇಷ್ಟಾದರೆ ಅಕ್ಕನ ಹೊಟ್ಟೆಯಲ್ಲಿ ಏನೇನಾಗಿದೆಯೋ. ಗಡಿಗೆ ಬದಿಗಿಟ್ಟು ಕಲ್ಲಿನ ಮೇಲೆ ಕೂತೆ.

ಫೋನ್ ಬಡಿದುಕೊಂಡಿತು. ಅವ್ವನದು. ಎತ್ತಲು ಅಂಜಿದೆ. ನಿಂತಿತು, ಮತ್ತೆ ಬಡಿದುಕೊಂಡಿತು.

"ಶೇವಂತಿ." ಅವ್ವನ ದನಿ ಒಡೆದಿತ್ತು. "ಒದೀತಂತ. ನಿಮ್ಮಕ್ಕ ನನ್ನ ಕೈ ಇಟ್ಟ ತೋರಿಸಿದ್ಲು. ಒದೀತು. ಇನ್ನೂ ಮನಿಗಿ ಬಿಡಾಂಗಿಲ್ಲ ಅಂದಾರ."

ಫೋನನ್ನು ಕಿವಿಗೆ ಒತ್ತಿಕೊಂಡೆ.

"ಆ ಗಡಿಗಿ ಏನ ಮಾಡಿದಿ?"

"ಚೆಲ್ಲೀನವ್ವ."

"ಒಡದ ಹಾಕು. ಮತ್ತ... ಬರೂವಾಗ ಚಹಾ ಮಾಡ್ಕೊಂಡ ಬಾ. ಬಣ್ಣ ನೋಡಿ ತಾ."