ನಲವತ್ತೊಂದನೆಯ ನಗು

"ಈ ಸಲಾನೂ ಸತ್ತ ಹಾಗೆ ಕೇಳಿಸಲಿಲ್ಲ, ಅಲ್ವಾ?" ಗಾಜಿನ ಆಚೆಯಿಂದ ರಾಕ್ಷಸ ಮಾವ ಕೇಳಿದರು. ಧ್ವನಿ ಒಡೆದು ಗೊರಗೊರ ಎನ್ನುತ್ತಿತ್ತು.

"ಚೆನ್ನಾಗೇ ಸತ್ತಿದೀರಿ ಮಾವ. ಸ್ವಲ್ಪ ನೀರು ಕುಡೀರಿ," ಎಂದಳು ಧ್ವನಿಮುದ್ರಣದ ಹುಡುಗಿ.

ಮಕ್ಕಳ ಧಾರಾವಾಹಿಗಳ ಅಸುರರಿಗೆಲ್ಲ ಮೂವತ್ತು ವರ್ಷದಿಂದ ಅವರದೇ ಕಂಠ; ಸ್ಟುಡಿಯೋದಲ್ಲಿ ಎಲ್ಲರಿಗೂ ಅವರು ರಾಕ್ಷಸ ಮಾವ. ಮನೆಯಲ್ಲಿ ಮಾತ್ರ ಸೊಳ್ಳೆಗೂ ಗದರಿದವರಲ್ಲ. ನಾಳೆ ಬೆಳಿಗ್ಗೆ ಗಂಟಲಿನ ಶಸ್ತ್ರಚಿಕಿತ್ಸೆ. ಗಡ್ಡೆಯ ಜೊತೆಗೆ ಧ್ವನಿಪೆಟ್ಟಿಗೆಯನ್ನೂ ತೆಗೆಯಬೇಕಾಗುತ್ತದೆ ಎಂದು ವೈದ್ಯರು ಹೇಳಿದ್ದರು. ಅದಕ್ಕೇ ಇವತ್ತು ಹೆಂಡತಿಯೂ ಬಂದು, ಹುಡುಗಿಯ ಪಕ್ಕದ ಕುರ್ಚಿಯಲ್ಲಿ ಕೈಚೀಲ ಅವುಚಿಕೊಂಡು ಕೂತಿದ್ದರು.

ಉಳಿದಿದ್ದುದು ರಕ್ತಬೀಜನ ಸಾವು. ಅವನ ರಕ್ತದ ಹನಿ ನೆಲಕ್ಕೆ ಬಿದ್ದಲ್ಲೆಲ್ಲ ಅವನಂಥವನೇ ಇನ್ನೊಬ್ಬ ಎದ್ದು ನಿಲ್ಲುತ್ತಾನೆ. ಅದಕ್ಕಾಗಿ ಮಾವ ನಲವತ್ತು ಬಗೆಯಲ್ಲಿ ನಕ್ಕು ಕೊಟ್ಟಿದ್ದರು. ಕಾಳಿ ನಾಲಿಗೆ ಚಾಚಿ, ಹನಿ ನೆಲ ಮುಟ್ಟುವ ಮೊದಲೇ ಕುಡಿಯುತ್ತ ಬಂದಂತೆ ಆ ನಗುಗಳು ಒಂದೊಂದಾಗಿ ನಿಂತು, ಕೊನೆಗೆ ಏನೂ ಕೇಳಿಸಬಾರದು.

ಹುಡುಗಿ ನಲವತ್ತನ್ನೂ ಒಟ್ಟಿಗೆ ಹಾಕಿದಳು. ಕೋಣೆ ಅದುರಿತು. ಮಿಕ್ಸರ್‌ನ ಫೇಡರ್‌ಗಳನ್ನು ಒಂದೊಂದೇ ಕೆಳಕ್ಕೆಳೆದು ನಗುಗಳನ್ನು ಅಡಗಿಸುತ್ತ ಹೋದಳು. ಹತ್ತು ಉಳಿದವು, ಮೂರು ಉಳಿದವು. ಕೊನೆಯದನ್ನೂ ಎಳೆದಳು.

ಒಂದು ನಗು ನಿಲ್ಲಲಿಲ್ಲ. ಮೆಲ್ಲಗೆ, ಯಾರೋ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿರುವ ಹಾಗೆ.

ಅವಳು ಮತ್ತೆ ಎಲ್ಲವನ್ನೂ ಒತ್ತಿ ನೋಡಿದಳು. ಎಲ್ಲವೂ ಕೆಳಗೇ ಇದ್ದವು.

"ಮಾವ, ಇದನ್ನ ಯಾವಾಗ ಕೊಟ್ರಿ?"

"ಅದು ನಂದಲ್ಲಮ್ಮ. ನಾನು ಹಾಗೆ ನಗೋದೇ ಇಲ್ಲ."

ಹೆಂಡತಿ ಮುಂದಕ್ಕೆ ಬಾಗಿದರು. "ನಿಮ್ಮದೇ ರೀ. ಮದುವೆಯಾದ ಹೊಸದರಲ್ಲಿ ಹೀಗೇ ನಗ್ತಿದ್ರಿ. ಈ ಕೆಲಸಕ್ಕೆ ಬಂದ ಮೇಲೆ ಯಾವಾಗ ನಿಂತುಹೋಯ್ತೋ, ನನಗೂ ಗೊತ್ತಾಗಲಿಲ್ಲ."

ಮಾವ ಮೈಕಿನ ಹತ್ತಿರ ಬಂದರು. "ಯಂತ್ರಾನೇ ಆರಿಸಿಬಿಡು ಮಗಳೇ. ಅದೊಂದು ಉಳಿದ್ರೆ ಅವನು ಸಾಯೋದಿಲ್ಲ."

ಹುಡುಗಿ ಸ್ವಿಚ್ಚಿಗೆ ಕೈ ಚಾಚಿದಳು. ಅದರ ಮೇಲೆ ಆಗಲೇ ಹೆಂಡತಿಯ ಅಂಗೈ ಇತ್ತು. ತಣ್ಣಗಿತ್ತು, ಕದಲಲಿಲ್ಲ.

"ಸಾಯದಿದ್ರೆ ಬಿಡಮ್ಮ," ಎಂದರು ಅವರು. "ಇರ್ಲಿ."

ಗಾಜಿನಾಚೆ ಮಾವ ಹೆಡ್‌ಫೋನನ್ನು ಎರಡೂ ಕೈಯಿಂದ ಕಿವಿಗೆ ಒತ್ತಿಕೊಂಡು ನಿಂತಿದ್ದರು. ತುಟಿಗಳು ಬಿಗಿಯಾಗಿ ಮುಚ್ಚಿದ್ದವು. ಭುಜಗಳು ಮಾತ್ರ ಆ ನಗುವಿಗೆ ಸರಿಯಾಗಿ ಕುಲುಕುತ್ತಿದ್ದವು.