ಹಿಂದಿನ ಸೀಟಿನ ಪ್ಲಾಸ್ಟಿಕ್

ಸ್ವಲ್ಪ ಕೂತು ಇದೊಂದು ಕೇಳಿಬಿಡಿ, ಆಮೇಲೆ ಬೇಕಾದರೆ ಆ ಹುಡುಗನನ್ನು ಬೈಯಿರಿ. ಬೈಯುವವರಿಗೇನೂ ಬರವಿಲ್ಲ. ಗ್ಯಾರೇಜಿನಲ್ಲಿ ಅರ್ಧ ಜನ ಅವನು ಗುರುವಿನ ಹೆಸರಿಗೆ ಮಸಿ ಬಳಿದ ಅನ್ನುತ್ತಾರೆ, ಇನ್ನರ್ಧ ಜನ ಆ ಕಡೆ ತಿರುಗಿ ನಗುತ್ತಾರೆ. ಆದರೆ ಅವರಲ್ಲಿ ಒಬ್ಬರೂ ಆ ಮನೆಯೊಳಗೆ ಕಾಲಿಟ್ಟವರಲ್ಲ.

ಅವನನ್ನು ಎಲ್ಲರೂ ಕರೆಯುವುದು ಇಣುಕ ಎಂದು. ಹಳೇ ಗಾಡಿ ಎಲ್ಲಿ ಕಂಡರೂ, ಮೈಮೇಲೆ ಹೊಸ ಬಟ್ಟೆಯಿದ್ದರೂ ಸರಿ, ಅಂಗಾತ ಮಲಗಿ ಅದರ ಹೊಟ್ಟೆ ಕೆಳಗೆ ಇಣುಕುವ ಚಟ ಅವನದು. ಆ ಚಟವೇ ಹೊಟ್ಟೆಪಾಡಾಯಿತು. ಹಳೇ ಕಾರುಗಳಿಗೆ ಬೆಲೆ ಕಟ್ಟುವ ಒಬ್ಬ ಹಿರಿಯರ ಕೈಕೆಳಗೆ ಕೆಲಸ ಕಲಿತ. ಆ ಗುರು 'ಇದು ಅಸಲಿ' ಎಂದು ಬರೆದುಕೊಟ್ಟರೆ ಕೊಳ್ಳುವವರು ಮತ್ತೆ ಬಾನೆಟ್ ಎತ್ತಿ ನೋಡುತ್ತಿರಲಿಲ್ಲ. ಆವತ್ತು ಅವರಿಗೆ ಸೊಂಟ ಹಿಡಿದುಕೊಂಡಿತ್ತು. ಮೊದಲ ಸಲ ಇಣುಕನೊಬ್ಬನನ್ನೇ ಕಳಿಸಿದರು. ಕಳಿಸುವಾಗ ಹೇಳಿದ್ದು ಇಷ್ಟು: "ಗಾಡಿ ನೋಡು, ಗಾಡಿಯವರ ಮನೆ ನೋಡಬೇಡ. ಊರ ಉಸಾಬರಿ ನಮಗ್ಯಾಕೆ."

ಮನೆ ನೋಡದೆ ಗಾಡಿಯ ಹತ್ತಿರ ಹೋಗುವಂತೆಯೇ ಇರಲಿಲ್ಲ. ಶೆಡ್ಡಿನ ರಸ್ತೆ ಕಡೆಯ ಬಾಗಿಲಿಗೆ ಒಳಗಿನಿಂದ ಅಗುಳಿ, ಬರುವವರಿಗೆ ದಾರಿ ಅಡುಗೆಮನೆಯ ಮೂಲಕ. ಬೆಳಗಿನ ಮಳೆ ಆಗಷ್ಟೇ ನಿಂತಿತ್ತು. ಸೂರು ಸೋರುತ್ತಿದ್ದ ಕಡೆ ಒಲೆ ಪಕ್ಕ ಒಂದು ಬಕೆಟ್, ಹಾಸಿಗೆ ಸುತ್ತಿಟ್ಟ ಮಂಚದ ಮೇಲೆ ಒಂದು ಬೋಗುಣಿ. ಗೋಡೆಗೆ ಬೂಷ್ಟು ಹಿಡಿದು ಒದ್ದೆ ನಾಯಿಯ ವಾಸನೆ. ಆ ಬಕೆಟ್ ದಾಟಿ ಬಾಗಿಲು ನೂಕಿದರೆ ಬೇರೆಯೇ ಲೋಕ. ಹೊಸ ತಗಡಿನ ಚಾವಣಿ, ನೆಲಕ್ಕೆ ಜಮಖಾನೆ, ಮೂಲೆಯಲ್ಲಿ ತಿರುಗುವ ಫ್ಯಾನು, ನುಸಿಗುಳಿಗೆಯ ಘಾಟು. ನಡುವೆ ಆ ಕಾರು.

ತಿಳಿನೀಲಿ ಬಣ್ಣದ, ನಾಲ್ಕು ಬಾಗಿಲಿನ ಅಮೆರಿಕನ್ ಗಾಡಿ. ಹಿಂದೆ ಮೀನಿನ ರೆಕ್ಕೆ, ಮುಂದೆ ಹಲ್ಲು ಕಿರಿದ ಕ್ರೋಮ್. ಉದ್ದ ಎಷ್ಟೆಂದರೆ ತಲೆಯಿಂದ ಬಾಲಕ್ಕೆ ಬರುವಷ್ಟರಲ್ಲಿ ಇಣುಕನಿಗೆ ಎರಡು ಸಲ ಉಸಿರು ಸಿಕ್ಕಿಹಾಕಿಕೊಂಡಿತು. ಇಂಥದ್ದನ್ನು ಅವನು ಚಿತ್ರದಲ್ಲಿ ಮಾತ್ರ ನೋಡಿದ್ದ.

ಯಜಮಾನ ಬಂಪರಿನ ಹತ್ತಿರ ನಿಂತಿದ್ದ. ಎಪ್ಪತ್ತು ದಾಟಿದ, ಹೊಟ್ಟೆ ಮುಂದಾದ ಮನುಷ್ಯ. ನಾಲಿಗೆಗೆ ಬೆರಳು ಒತ್ತಿ, ಆ ಎಂಜಲಲ್ಲೇ ಕ್ರೋಮ್ ಮೇಲಿನ ಒಂದು ಚುಕ್ಕೆ ಒರೆಸಿ, ಬೆರಳನ್ನು ಪ್ಯಾಂಟಿಗೆ ಸವರಿ, ಅದೇ ಕೈಯಲ್ಲಿ ಇಣುಕನ ಕೈ ಕುಲುಕಿದ. ಇಣುಕನ ಅಂಗೈ ತಣ್ಣಗೆ ಜಿಗುಟಾಯಿತು. ಆದರೆ ಕಣ್ಣು ಕಾರಿನ ಮೇಲಿತ್ತಲ್ಲ, ಸಹಿಸಿಕೊಂಡ.

ಕೆಲಸ ಶುರುವಾಯಿತು. ಬಟ್ಟೆ ಸುತ್ತಿದ ಅಯಸ್ಕಾಂತವನ್ನು ತಗಡಿನುದ್ದಕ್ಕೂ ಹಿಡಿದು ನೋಡಿದ. ಒಳಗೆ ಪುಟ್ಟಿ ಮೆತ್ತಿದ್ದರೆ ಅಲ್ಲಿ ಅದು ಕಚ್ಚುವುದಿಲ್ಲ. ಇಲ್ಲಿ ಎಲ್ಲ ಕಡೆಯೂ ಕಚ್ಚಿತು. ಗಾಜಿನ ಮೂಲೆಯ ಗುರುತುಗಳು ಒಂದಕ್ಕೊಂದು ತಾಳೆಯಾದವು, ಯಾವ ಗಾಜೂ ಬದಲಾಗಿರಲಿಲ್ಲ. ಬಾಗಿಲ ಕೀಲಿನ ಸ್ಕ್ರೂಗಳ ಮೇಲಿನ ಬಣ್ಣ ಇನ್ನೂ ಒಡೆದಿರಲಿಲ್ಲ, ಅಂದರೆ ಯಾರೂ ಬಿಚ್ಚಿಲ್ಲ. ಡಿಕ್ಕಿಯಲ್ಲಿದ್ದ ಟೈರು ನೆಲವನ್ನೇ ಕಂಡಿರಲಿಲ್ಲ. ಒಂದೊಂದಕ್ಕೂ ಇಣುಕ "ಅಬ್ಬಾ" ಅನ್ನುತ್ತಿದ್ದ, ಯಜಮಾನ ಒಂದೊಂದು ಅಂಗುಲ ಬೆಳೆಯುತ್ತಿದ್ದ. ಕೊನೆಗೆ ಹಿಂದಿನ ಸೀಟು. ಕಾರ್ಖಾನೆಯಲ್ಲಿ ಹೊದಿಸಿದ ಪ್ಲಾಸ್ಟಿಕ್ ಹೊದಿಕೆ, ಹೊದಿಸಿದ್ದು ಹೊದಿಸಿದ ಹಾಗೇ. ಕೊಳ್ಳಲು ಬರುವವನಿಗೆ ಬೇಕಾದದ್ದೂ ಅದೇ ಅಂತೆ. ಆ ಪ್ಲಾಸ್ಟಿಕ್ ಅಸಲಿ, ಅಖಂಡ ಎಂದು ಬರೆದ ಕಾಗದ ಸಿಕ್ಕರೆ ನಾಳೆಯೇ ಗಾಡಿ ಒಯ್ಯುತ್ತಾನೆ.

ಆಗ ಹೆಂಡತಿ ಚಹಾ ತಂದಳು. ತೆಳ್ಳಗಿನ ಮುದುಕಿ, ಎಡಗಾಲು ಎಳೆದು ನಡೆಯುತ್ತಿದ್ದಳು. ಹೊಸ್ತಿಲ ಹತ್ತಿರ ತಾನಾಗಿಯೇ ನಿಂತುಬಿಟ್ಟಳು, ಅಲ್ಲೊಂದು ಗೆರೆ ಎಳೆದಿದೆಯೇನೋ ಎಂಬಂತೆ. ಇಣುಕ ಚಹಾಕ್ಕೆ ಹೋದಾಗ ಸಣ್ಣ ದನಿಯಲ್ಲಿ ಕೇಳಿದಳು.

"ಹಿಂದಿನ ಬಾಗಿಲು ತೆಗೆದ್ರಲ್ಲಪ್ಪಾ, ಒಳಗೆ ಮೆತ್ತಗಿದ್ಯಾ?"

"ಯಾಕಮ್ಮಾ, ನೀವು ಕೂತಿಲ್ವಾ?"

"ಮದುವೆಯಾಗಿ ಬಂದಾಗಿಂದ ನೋಡ್ತಿದೀನಿ. ಕೂತಿಲ್ಲ. ನಾಳೆ ಹೊರಟುಹೋಗತ್ತೆ. ಒಂದ್ಸಲ ಕೂತು ಆ ತಿರುವಿನ ತನಕ ಹೋಗಿಬರೋಣ ಅಂತ ಕೇಳ್ದೆ. ನಿನಗೇನು ತಲೆ ಕೆಟ್ಟಿದ್ಯಾ ಅಂದ್ರು."

ಯಜಮಾನನ ಕಿವಿಗೆ ಅದು ಬಿತ್ತು. ಅವನು ನಾಚಿಕೊಳ್ಳಲಿಲ್ಲ, ಖುಷಿಯಾದ. ಗಾಡಿ ಕಾಪಾಡಿದ ಕಥೆ ಹೇಳಲು ಅವನಿಗೆ ಒಂದು ಎಳೆ ಬೇಕಿತ್ತು, ಸಿಕ್ಕಿತು.

"ಇವಳಿಗೆ ಹೆರಿಗೆ ನೋವು ಬಂದಾಗಲೇ ಕೂರಿಸಲಿಲ್ಲ ಕಣಯ್ಯಾ, ಈಗ ಕೂರಿಸ್ತೀನಾ? ನೀರು ಒಡೆದಿತ್ತು. ಸೀಟಿನ ಗತಿ ಏನಾಗಬೇಕು ಹೇಳು. ಎದುರುಮನೆಯವನ ಸೌದೆ ಗಾಡೀಲಿ ಮಲಗಿಸಿ ಕಳಿಸ್ದೆ. ದಾರೀಲೇ ಹೆತ್ತಳು. ಆಗ ಸೊಂಟಕ್ಕೇನೋ ಆಯ್ತು, ಅವತ್ತಿಂದ ಹೀಗೇ ಕುಂಟ್ತಾಳೆ. ಆದ್ರೆ ಸೀಟು ನೋಡು, ಕನ್ನಡಿ."

ಇಣುಕ ನಕ್ಕುಬಿಟ್ಟ. ಗಿರಾಕಿ ನಕ್ಕಾಗ ನಗಬೇಕು ಎನ್ನುವ ಕಸುಬಿನ ನಗು. ನಕ್ಕ ಮೇಲೆ ಹೊಸ್ತಿಲ ಕಡೆ ತಿರುಗಿ ನೋಡಿದ. ಅವಳು ಖಾಲಿ ತಟ್ಟೆಯ ಅಂಚನ್ನು ಸೆರಗಿನಿಂದ ಒರೆಸುತ್ತಿದ್ದಳು. ಇಣುಕ ಲೋಟವನ್ನು ಅರ್ಧಕ್ಕೇ ಕೆಳಗಿಟ್ಟ.

ಯಜಮಾನ ನಿಲ್ಲಿಸಲಿಲ್ಲ. ಮಗಳು ಚಿಕ್ಕವಳಿದ್ದಾಗ ಗಾಜಿಗೆ ಕೈಯೊತ್ತಿ ಒಳಗೆ ನೋಡಿದಳಂತೆ. ಬೆರಳಚ್ಚು ಬಿತ್ತಂತೆ. ಊಟ ಕೊಡದೆ ಸಂಜೆಯವರೆಗೆ ಇಡೀ ಗಾಡಿ ಒರೆಸಿಸಿದನಂತೆ. ಈಗ ಎಲ್ಲಿದ್ದಾಳೆ ಎಂದು ಇಣುಕ ಕೇಳಿದರೆ, ಇಲ್ಲಿಗೆ ಬರುವುದಿಲ್ಲ, ಅವಳಿಗೆ ವಸ್ತುವಿನ ಬೆಲೆ ಗೊತ್ತಿಲ್ಲ ಎಂದ. ಹೇಳುತ್ತಲೇ ಮತ್ತೆ ಬೆರಳು ನೆಕ್ಕಿ ಬಾಗಿಲ ಹಿಡಿಕೆ ಉಜ್ಜಿದ.

ಇಣುಕನಿಗೆ ಅಸಹ್ಯವಾದದ್ದು ಆ ಎಂಜಲಲ್ಲ, ತನ್ನದೇ "ಅಬ್ಬಾ". ಗೀರಿಲ್ಲದ ಹಿಡಿಕೆ ಎಂದರೆ ಯಾರಿಗೂ ಹಿಡಿಯಲು ಬಿಡದ ಹಿಡಿಕೆ. ಮಾಸದ ಸೀಟು ಎಂದರೆ ಸೌದೆಯ ಮೇಲೆ ಹೆತ್ತ ಹೆಂಗಸು. ಬೆಳಗಿನಿಂದ ತಾನು ಒಂದೊಂದೇ ಮುಟ್ಟಿ ಮುಟ್ಟಿ ಹೊಗಳಿದ್ದು ಈ ಮನುಷ್ಯನ ಕ್ರೌರ್ಯಕ್ಕೆ, ಅದೂ ಪಾಲಿಶ್ ಮಾಡಿಟ್ಟ ಕ್ರೌರ್ಯಕ್ಕೆ. ಆ ಸುಂದರ ನೀಲಿ ಬಣ್ಣ ಈಗ ಊದಿಕೊಂಡ ಮೈಯ ನೀಲಿಯಂತೆ ಕಂಡಿತು. ಬೇಗ ಬರೆದುಕೊಟ್ಟು ಹೊರಗೆ ಹೋಗಿ ಕೈ ತೊಳೆಯಬೇಕು ಅನ್ನಿಸಿತು.

ಆದರೆ ಅವನು ಬರೆಯಲಿಲ್ಲ. ಇಲ್ಲೊಂದು ವಿಷಯ ನಿಮಗೆ ಗೊತ್ತಿರಬೇಕು. ಕೂರದೆ ಬಿಟ್ಟ ಸೀಟಿನ ಸ್ಪ್ರಿಂಗ್ ಒಳಗೇ ತುಕ್ಕು ತಿಂದಿರುತ್ತದೆ. ಅದಕ್ಕೇ ಒಬ್ಬರನ್ನು ಕೂರಿಸಿ, ಕೆಳಗೆ ಕಿವಿಯಿಟ್ಟು ಕೇಳುವುದು ಅವನ ಗುರುವಿನ ಪದ್ಧತಿ. ಕಾರ್ಖಾನೆಯ ಪ್ಲಾಸ್ಟಿಕ್ ಇರುವ ಸೀಟಿಗೆ ಮಾತ್ರ ಅದು ಬೇಡ. ಅಷ್ಟು ಹಳೆಯ ಪ್ಲಾಸ್ಟಿಕ್ ಹಪ್ಪಳದಂತಾಗಿರುತ್ತದೆ, ಭಾರ ಬಿದ್ದರೆ ಸೀಳುತ್ತದೆ. ಅಂಥಲ್ಲಿ 'ಸ್ಪ್ರಿಂಗ್ ನೋಡಿಲ್ಲ' ಎಂದು ಬರೆದರೆ ಸಾಕು. ಇದು ಇಣುಕನಿಗೆ ಚೆನ್ನಾಗಿ ಗೊತ್ತಿತ್ತು.

"ಸಾರ್, ಹಿಂದೆ ಒಬ್ರು ಕೂರಬೇಕು," ಎಂದ. "ನಾನು ಕೆಳಗೆ ಮಲಗಿ ಸ್ಪ್ರಿಂಗಿನ ಸದ್ದು ಕೇಳಬೇಕು. ಕೂರದೆ ನಮ್ಮ ಗುರುಗಳು ಸಹಿ ಹಾಕೋಲ್ಲ."

ಯಜಮಾನ ಮರಳಿನ ಮೂಟೆ ಇಡೋಣ ಎಂದ. ಮೂಟೆ ಅಲುಗಾಡಲ್ಲ, ಮನುಷ್ಯರೇ ಆಗಬೇಕು ಎಂದ ಇಣುಕ. ತಾನೇ ಕೂರೋಣವೆಂದರೆ ಯಜಮಾನನ ಪ್ಯಾಂಟಿನ ತುಂಬ ಪಾಲಿಶ್ ಎಣ್ಣೆ, ಎಂಜಲು. ಕೊಳ್ಳುವವನ ಕಾಗದದ ಆಸೆ ಒಂದು ಕಡೆ, ಸೀಟು ಒಂದು ಕಡೆ. ಅಡಕತ್ತರಿಯಲ್ಲಿ ಸಿಕ್ಕ ಮುಖ ಮಾಡಿಕೊಂಡು ಕೊನೆಗೆ ಹೆಂಡತಿಯ ಕಡೆ ತಿರುಗಿದ.

"ಏಯ್, ಇವಳೇ. ಕಾಲು ತೊಳ್ಕೊಂಡು ಬಾ. ಒರೆಸ್ಕೋ. ಕಾಲಿಗೆ ಹಳೇ ಪೇಪರ್ ಸುತ್ಕೋ. ಕೈ ಎಲ್ಲೂ ತಾಗಿಸಬೇಡ, ಮಡಿಲಲ್ಲಿಟ್ಕೋ."

ಅವಳು ಹಾಗೇ ಬಂದಳು, ಎರಡು ಪಾದಕ್ಕೂ ಪೇಪರ್ ಸುತ್ತಿ ದಾರ ಕಟ್ಟಿಕೊಂಡು, ಪೊಟ್ಟಣದಂತೆ. ಅದನ್ನು ನೋಡಿದ ಮೇಲೆ ಇಣುಕನಿಗೆ ಉಳಿದಿದ್ದ ಒಂಚೂರು ಅನುಮಾನವೂ ಹೋಯಿತು. ಬಾಗಿಲು ತೆಗೆದು ಹಿಡಿದ. ಅವಳ ಕಿವಿಯ ಹತ್ತಿರ, "ಪ್ಲಾಸ್ಟಿಕ್ ಒಡೆಯಬಹುದಮ್ಮಾ," ಎಂದ. ಅವಳು ಅವನ ಮುಖವನ್ನು ಒಂದು ಗಳಿಗೆ ನೋಡಿ, ಒಳಗೆ ನುಗ್ಗಿ, ಪೂರ್ತಿ ಭಾರ ಬಿಟ್ಟು ಕೂತಳು.

ಒಣಗಿದ ಎಲೆ ತುಳಿದ ಹಾಗೆ ಸದ್ದಾಯಿತು. ಬಿರುಕು ಸೀಟಿನ ಈ ತುದಿಯಿಂದ ಆ ತುದಿಗೆ ಓಡಿತು.

ಯಜಮಾನನ ಬಾಯಿಂದ ಬಂದದ್ದು ಬರಿ ಬೈಗುಳ: ದರಿದ್ರದವಳೇ, ಇಳಿ, ನನ್ನ ಮನೆ ಹಾಳುಮಾಡಿದೆ. ಅವಳು ಇಳಿಯಲಿಲ್ಲ. ಬಗ್ಗಿ ಕಾಲಿನ ದಾರ ಬಿಚ್ಚಿದಳು, ಪೇಪರನ್ನು ಮುದ್ದೆ ಮಾಡಿ ಕಿಟಕಿಯಿಂದಾಚೆ ಹಾಕಿದಳು, ಬರಿಯ ಅಂಗೈಯನ್ನು ಸೀಟಿನ ಬಟ್ಟೆಯ ಮೇಲೆ ಅಗಲವಾಗಿ ಇಟ್ಟಳು.

"ಮೆತ್ತಗೇ ಇದೆ," ಎಂದಳು. ಆಮೇಲೆ ಇಣುಕನ ಕಡೆ ತಿರುಗಿ, "ಮಗಾ, ಆ ತಿರುವಿನ ತನಕ ಹೋಗೋಣ್ವಾ?"

ಕೀಲಿ ಇಣುಕನ ಜೇಬಿನಲ್ಲೇ ಇತ್ತು, ಎಂಜಿನ್ ನೋಡಲು ಬೆಳಿಗ್ಗೆ ಯಜಮಾನನೇ ಕೊಟ್ಟದ್ದು. ಬಣ್ಣ ನೋಡಲು ಬೆಳಕು ಬೇಕೆಂದು ಅವನೇ ತೆರೆಸಿದ್ದ ಶೆಡ್ಡಿನ ಹೊರಬಾಗಿಲು ಇನ್ನೂ ತೆರೆದಿತ್ತು. ಹೊರಗೆ ರಸ್ತೆ ತುಂಬ ಕೆಸರು. ಈಗಿಂದೀಗ ಅವಳನ್ನು ಇಳಿಸಿದರೆ, ಪ್ಲಾಸ್ಟಿಕ್ ಮೊದಲೇ ಸೀಳಿತ್ತು ಎಂದು ಹೇಗೋ ಬರೆದು ಗುರುವಿನ ಹೆಸರು ಉಳಿಸಬಹುದಿತ್ತು. ಚಾಲೂ ಮಾಡಿದರೆ ಅವನ ಮೊದಲ ಕಾಗದವೇ ಕೊನೆಯ ಕಾಗದ.

ಅವನು ಮುಂದಿನ ಸೀಟಿಗೆ ಹತ್ತಿ ಕೀಲಿ ತಿರುಗಿಸಿದ. ಯಜಮಾನ ಬಾನೆಟ್ ಮೇಲೆ ಎರಡು ಕೈಯೂರಿ ಅಡ್ಡ ನಿಂತ. ನಿಂತವನು, ತನ್ನದೇ ಬೆರಳಚ್ಚು ಬೀಳುತ್ತದೆಂದು ಹೊಳೆದು, ಥಟ್ಟನೆ ಕೈ ತೆಗೆದು ಪಕ್ಕಕ್ಕೆ ಸರಿದ.

ಗಾಡಿ ಕೆಸರಿಗಿಳಿಯಿತು. ತಿರುವು ಬಂತು. ಹಿಂದಿನಿಂದ ಅವಳು, "ಇನ್ನೂ ಸ್ವಲ್ಪ ಮುಂದಕ್ಕೆ," ಎಂದಳು.

ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?